ಬೇವು ಕಟ್ಟಿದ ಬಾಗಿಲು

ಹೋದ ತಿಂಗಳು ಸವಳಂಗದಲ್ಲಿ ನಮ್ಮ ಬಸ್ಸು ಕೆಟ್ಟು ನಿಂತಿತು. ಎಲ್ಲರೂ ಇಳಿದೆವು. ಎದುರಿನ ಗ್ಯಾರೇಜಿನಿಂದ ಬಂದ ಮೆಕ್ಯಾನಿಕ್ ಬಸ್ಸಿನ ಕೆಳಗೆ ತೂರಿ ಏನೇನೋ ಬಿಚ್ಚಿ, ಹೊರಗೆ ಬಂದು, ಡೀಸೆಲ್ಲಿನಲ್ಲಿ ತೊಯ್ದ ಗೋಣಿಯ ತುಂಡೊಂದರಲ್ಲಿ ಕೈ ಒರೆಸಿಕೊಂಡ. ಅಷ್ಟೇ ಆದದ್ದು. ಬಿಸಿಲಿಗೆ ಕಾದ ಗೋಣಿ, ಅದಕ್ಕೆ ಹತ್ತಿದ ಡೀಸೆಲ್ಲು... ಎರಡೂ ಕೂಡಿದ ವಾಸನೆ ಮೂಗಿಗೆ ಬಡಿದಾಗ ನಾನು ಪಕ್ಕದಲ್ಲಿ ನಿಂತಿದ್ದ ಹೆಂಗಸಿನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಹಿಡಿದದ್ದು ನನಗೇ ಗೊತ್ತಿರಲಿಲ್ಲ.

"ಏನಾತ್ರೀ ಟೀಚರ್, ತಲೆ ಸುತ್ತು ಬಂತಾ? ನೀರು ಕುಡೀರಿ" ಎಂದಳು ಆಕೆ. ನೀರು ಕುಡಿದೆ. ಅಲ್ಲೇ ಕಟ್ಟೆಯ ಮೇಲೆ ಕೂತೆ. ಬಸ್ಸು ರಿಪೇರಿಯಾಗುವವರೆಗೂ ನನ್ನ ಕಣ್ಣ ಮುಂದೆ ಇದ್ದದ್ದು ಸವಳಂಗದ ರಸ್ತೆಯಲ್ಲ. ಕಂಬಿ ಹಾಕಿದ ಒಂದು ಕಿಟಕಿ, ಮತ್ತು ಅದರ ಪಕ್ಕದ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಸಿದು ಕೂತಿದ್ದ ನಮ್ಮ ಇತಿಹಾಸದ ಮೇಷ್ಟ್ರು.

ನಾನು ಹೊನ್ನಾಳಿಯಲ್ಲಿ ಬಿ.ಎ. ಓದುವಾಗ ಅವರು ನಮಗೆ ಇತಿಹಾಸ ಹೇಳುತ್ತಿದ್ದರು. ಜಗಳೂರು ಕಡೆಯವರು. ತೆಳ್ಳಗೆ, ಉದ್ದಕ್ಕೆ, ಸದಾ ತೋಳು ಮಡಚಿದ ಬಿಳಿ ಶರ್ಟು. ಅವರಷ್ಟು ಪುಕ್ಕಲು ಮನುಷ್ಯನನ್ನು ನಾನು ಮತ್ತೆ ನೋಡಿಲ್ಲ. ಬೀದಿಯಲ್ಲಿ ನಾಯಿ ಮಲಗಿದ್ದರೆ ಲೂನಾ ತಿರುಗಿಸಿಕೊಂಡು ಬೇರೆ ಬೀದಿಯಲ್ಲಿ ಹೋಗುತ್ತಿದ್ದರು. ಬಸ್ಸಿನಲ್ಲಿ ಇಬ್ಬರು ಸೀಟಿಗಾಗಿ ಜಗಳಕ್ಕೆ ಬಿದ್ದರೆ ತಮ್ಮ ಸೀಟು ಬಿಟ್ಟುಕೊಟ್ಟು ನಿಂತುಕೊಳ್ಳುತ್ತಿದ್ದರು. ಆದರೆ ಉತ್ತರ ಪತ್ರಿಕೆಯ ಮುಂದೆ ಕೂತರೆ ಅವರ ಧೈರ್ಯಕ್ಕೆ ಎಣೆ ಇರಲಿಲ್ಲ. ಯಾರ ಮಗನಾದರೂ ಸರಿ, ಆಧಾರವಿಲ್ಲದ ಒಂದು ವಾಕ್ಯ ಬರೆದರೆ ಅದರ ಕೆಳಗೆ ಕೆಂಪು ಗೆರೆ ಎಳೆದು, ಅಂಚಿನಲ್ಲಿ "ಯಾರು ಹೇಳಿದ್ದು?" ಎಂದು ಬರೆಯುತ್ತಿದ್ದರು. ನನ್ನ ಗೆಳತಿಯೊಬ್ಬಳು ಒಮ್ಮೆ ಅದರ ಕೆಳಗೇ "ನೀವೇ ಹೇಳಿದ್ದು ಸಾರ್" ಎಂದು ಬರೆದು ಕೊಟ್ಟಳು. ಅವರು ನಗಲಿಲ್ಲ. ಎರಡು ದಿನ ತಮ್ಮ ಹಳೆಯ ಟಿಪ್ಪಣಿಗಳನ್ನೆಲ್ಲ ತಿರುವಿ ಹಾಕಿ, ಮೂರನೆಯ ದಿನ ತರಗತಿಗೆ ಬಂದು, "ಹೌದಮ್ಮ, ನಾನೇ ತಪ್ಪು ಹೇಳಿದ್ದೆ" ಎಂದರು.

ಸುಮಾರು ಇನ್ನೂರು ವರ್ಷಗಳ ಹಿಂದೆ ನಗರ ಸೀಮೆಯ ರೈತರು ಮೈಸೂರು ಅರಸರ ಆಡಳಿತದ ವಿರುದ್ಧ ಎದ್ದ ದಂಗೆ ನಮಗೆ ಪಾಠವಾಗಿತ್ತು. ನಮ್ಮ ಹೊನ್ನಾಳಿ, ಚನ್ನಗಿರಿ ಕಡೆಯ ಹಳ್ಳಿಗಳೂ ಅದರಲ್ಲಿದ್ದವು. "ದಂಗೆಗೆ ಕಾರಣಗಳನ್ನು ವಿವರಿಸಿ" ಎಂಬುದು ಪರೀಕ್ಷೆಗೆ ಖಚಿತವಾದ ಪ್ರಶ್ನೆ. ಗೈಡು ನೋಡಿ ಬಾಯಿಪಾಠ ಮಾಡಿದ್ದೆವು. ಕಂದಾಯದ ಭಾರ, ಅಮಲ್ದಾರರ ದಬ್ಬಾಳಿಕೆ, ಬರಿದಾದ ಖಜಾನೆ, ಬೆಳೆದದ್ದಕ್ಕೆ ಬೆಲೆ ಇಲ್ಲದ್ದು. ಮೇಷ್ಟ್ರು ನಾವು ಹೇಳುವುದನ್ನೆಲ್ಲ ಕೇಳಿಸಿಕೊಂಡು ಕಿಟಕಿಯ ಕಡೆ ನೋಡುತ್ತ ನಿಂತರು.

"ಇವೆಲ್ಲ ದಂಗೆಗೆ ಹತ್ತು ವರ್ಷ ಮುಂಚೇನೂ ಇದ್ದವಲ್ಲ. ಆವಾಗ ಯಾಕೆ ಏಳಲಿಲ್ಲ?"

ಅವರೇ ನಿಧಾನವಾಗಿ ಬಿಡಿಸಿ ಹೇಳಿದರು. ಅಮಲ್ದಾರನಾದವನು ತನ್ನ ತಾಲೂಕಿನಿಂದ ವರ್ಷಕ್ಕೆ ಇಷ್ಟು ಕಟ್ಟಿಸಿಕೊಡುತ್ತೇನೆ ಎಂದು ಅರಮನೆಗೆ ಮಾತು ಕೊಡುತ್ತಿದ್ದ. ಆ ಮಾತು ಉಳಿಸಿಕೊಳ್ಳಲು ರೈತರಿಂದ ಹೇಗೆ ವಸೂಲಿ ಮಾಡಿದ ಎಂದು ಯಾರೂ ಕೇಳುತ್ತಿರಲಿಲ್ಲ. ತಡೆಯಲಾರದ ರೈತ ಮೈಸೂರಿಗೆ ದೂರು ಕಳಿಸುತ್ತಿದ್ದ. ಮೈಸೂರಿನಿಂದ ವಿಚಾರಣೆಯ ಆಜ್ಞೆಯೇನೋ ಬರುತ್ತಿತ್ತು; ಬರುತ್ತಿದ್ದುದು ಆ ಅಮಲ್ದಾರನ ಕೈಗೋ, ಅವನನ್ನು ಅಲ್ಲಿ ಕೂರಿಸಿದವನ ಕೈಗೋ. ಕೊನೆಗೆ ದೂರು ಕೊಟ್ಟವನೇ ಏಟು ತಿನ್ನುತ್ತಿದ್ದ.

"ಅರಸ ಬೇಡ ಅಂತ ಎದ್ದವರಲ್ಲ ಅವರು. ಅರಸ ನಮ್ಮ ಮಾತು ಕೇಳಲಿ ಅಂತ ಎದ್ದವರು. ಭಾರ ಹೊತ್ತೋನು ಹೊರ್ತಾನೆ. ಭಾರ ಆಯ್ತು ಅಂತ ಹೇಳೋಕೆ ಹೋದ್ರೆ ಎದುರಿಗೆ ಬಾಗಿಲೇ ಇಲ್ಲ ಅಂತ ಗೊತ್ತಾಗುತ್ತಲ್ಲ, ಆ ದಿನ ಬರ್ಕೊಳ್ಳಿ. ಕಾರಣ ಅದು."

ನಾವು ಬರೆದುಕೊಂಡೆವು. ಪರೀಕ್ಷೆಯಲ್ಲಿ ಮಾತ್ರ ಗೈಡಿನಲ್ಲಿದ್ದದ್ದನ್ನೇ ಬರೆದೆವು.

ಆ ವರ್ಷ ಎನ್‌ಎಸ್‌ಎಸ್ ಶಿಬಿರ ಚನ್ನಗಿರಿ ತಾಲೂಕಿನ ಒಂದು ಹಳ್ಳಿಯಲ್ಲಿ ನಡೆಯಿತು. ಹೆಸರು ಬರೆಯುವುದಿಲ್ಲ, ಅಲ್ಲಿಯವರು ಈಗ ಅವರ ಪಾಡಿಗೆ ಚೆನ್ನಾಗಿದ್ದಾರೆ. ನಾಲೆಯ ಕಟ್ಟಕಡೆಗೆ ಇದ್ದ ಊರು ಅದು. ಮೇಲಿನ ಊರುಗಳ ತೋಟ, ಗದ್ದೆಗಳೆಲ್ಲ ಕುಡಿದು ಉಳಿದರೆ ಅಲ್ಲಿಗೆ ನೀರು. ನಾವು ಹಗಲು ಚರಂಡಿ ತೆಗೆಯುವುದು, ಸಂಜೆ ಶಾಲೆಯ ಅಂಗಳದಲ್ಲಿ ಹಾಡು, ಭಾಷಣ. ಒಂದು ಸಂಜೆ ಮೇಷ್ಟ್ರು ದಂಗೆಯ ಕಥೆ ಹೇಳಿದರು. ಊರಿನವರು ಇಷ್ಟು ಜನ ಕೂರುತ್ತಾರೆಂದು ಯಾರೂ ಅಂದುಕೊಂಡಿರಲಿಲ್ಲ. ರೈತರು ಊರೂರಿನಲ್ಲಿ ಸೇರುತ್ತಿದ್ದ ಸಭೆಗೆ ಕೂಟ ಎಂದು ಹೆಸರು. ಕೂಟಕ್ಕೆ ಬರಲು ಹಿಂಜರಿಯುತ್ತಿದ್ದ ಪಟೇಲರು, ಶಾನುಭೋಗರ ಮನೆಗೆ ಬೇವಿನ ಸೊಪ್ಪು, ಮೂಳೆ ಕಳಿಸುತ್ತಿದ್ದರಂತೆ. ಅವು ಬಂದು ಬಿದ್ದ ಮೇಲೆ, ಕೂಟ ಸೇರಲು ಒಪ್ಪುವವರೆಗೂ ಅವರು ತಮ್ಮ ಮನೆಯ ಹೊಸಿಲು ದಾಟುವಂತಿರಲಿಲ್ಲ.

ಇದನ್ನು ಕೇಳಿ ಮುಂದೆ ಕೂತಿದ್ದ ಮಾಜಿ ಚೇರ್ಮನ್ನರು ತೊಡೆ ತಟ್ಟಿ ನಕ್ಕರು. ಹಿಂದೊಮ್ಮೆ ಪಂಚಾಯಿತಿ ಅಧ್ಯಕ್ಷರಾಗಿದ್ದ ದಪ್ಪ ಮೀಸೆಯ ಮನುಷ್ಯ. ಅಧಿಕಾರ ಹೋದರೂ ಆ ಹೆಸರು ಉಳಿದಿತ್ತು. "ಚಲೋ ಐತಲ್ರೀ ಮೇಷ್ಟ್ರೆ ಇದು! ಖರ್ಚಿಲ್ಲ, ಬಾಬತ್ತಿಲ್ಲ. ನಮ್ಮೂರಾಗೆ ಬೇವಿನ ಮರಕ್ಕೇನು ಬರವೇ?" ಎಂದರು. ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. ದಂಗೆ ಮುಗಿದದ್ದು ಹೇಗೆ ಎಂದು ಹೇಳುವಷ್ಟರಲ್ಲಿ ಕರೆಂಟು ಹೋಯಿತು, ಮಕ್ಕಳು ಅಳತೊಡಗಿದವು, ಸಭೆ ಚದುರಿತು. ಮರುದಿನ ಶಿಬಿರ ಮುಗಿದು ನಾವು ಹೊರಟೆವು.

ಮುಂದಿನ ಬೇಸಿಗೆಗೆ ಮುಂಚೆ ಮೇಷ್ಟ್ರು ನಮ್ಮನ್ನೆಲ್ಲ ಸೂಳೆಕೆರೆ ನೋಡಲು ಕರೆದುಕೊಂಡು ಹೋದರು. ನೀರು ಎಲ್ಲಿದೆ ಎಂದು ನೋಡದೆ ಕಂದಾಯದ ಬಗ್ಗೆ ಓದಬಾರದು ಎಂಬುದು ಅವರ ವಾದ. ಹಳೆಯ ತೂಬಿನ ಹತ್ತಿರ ಹೋಗಲು ಅನುಮತಿ ಬೇಕು, ನಾಲೆಯ ಇಂಜಿನಿಯರನ್ನು ಕೇಳಿ ಎಂದು ಅಲ್ಲಿ ಯಾರೋ ಹೇಳಿದರು. ಇಂಜಿನಿಯರ ಕಚೇರಿ ಅಲ್ಲಿಂದ ಸ್ವಲ್ಪ ದೂರ, ನಾಲೆಯ ಏರಿಯ ಕೆಳಗಿನ ತಗ್ಗಿನಲ್ಲಿ. ಹುಡುಗರನ್ನೆಲ್ಲ ಕೆರೆಯ ಏರಿಯ ಮೇಲೆ ಬಿಟ್ಟು, ಅರ್ಜಿ ಬರೆಯಲು ಅಕ್ಷರ ದುಂಡಗಿದೆ ಎಂದು ನನ್ನನ್ನು ಜೊತೆಗೆ ಕರೆದುಕೊಂಡು ಮೇಷ್ಟ್ರು ಆಟೋ ಹತ್ತಿದರು.

ಎರಡು ಕೋಣೆಯ ಕಟ್ಟಡ. ಒಂದೇ ಬಾಗಿಲು. ಕಂಬಿ ಹಾಕಿದ ಕಿಟಕಿ. ಇಂಜಿನಿಯರು ನಮಗಿಂತ ನಾಲ್ಕೈದು ವರ್ಷ ದೊಡ್ಡವನಿದ್ದಾನು, ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಮೇಷ್ಟ್ರನ್ನು ಕಂಡು ಎದ್ದು ನಿಂತು ಕುರ್ಚಿ ಕೊಟ್ಟ. ನಾನು ಅರ್ಜಿಯ ಮೊದಲ ಸಾಲು ಬರೆಯುತ್ತಿದ್ದೆ. ಹೊರಗೆ ಟ್ರ್ಯಾಕ್ಟರುಗಳ ಸದ್ದಾಯಿತು. ಆಮೇಲೆ ಕಾಲುಗಳ ಸದ್ದು. ಇಂಜಿನಿಯರು ಕಿಟಕಿಯಿಂದ ಇಣುಕಿದವನು ಒಂದು ಹೆಜ್ಜೆ ಹಿಂದೆ ಸರಿದ. ಅವನ ಮುಖ ನೋಡಿ ನಾನು ಪೆನ್ನು ಕೆಳಗಿಟ್ಟೆ. ಅಷ್ಟರಲ್ಲಿ ಬಾಗಿಲು ಧಡಾರನೆ ಮುಚ್ಚಿಕೊಂಡಿತು. ಹೊರಗಿನಿಂದ ಚಿಲಕ ಹಾಕಿದ ಸದ್ದು, ಅದರ ಮೇಲೆ ಸರಪಳಿ ಎಳೆದ ಸದ್ದು.

ಇವತ್ತಿಗೂ ಯಾರಾದರೂ ಹೊರಗಿನಿಂದ ಚಿಲಕ ಹಾಕಿದರೆ ನನಗೆ ಉಸಿರು ಹಿಡಿಯುತ್ತದೆ. ಮಗ ಆಟಕ್ಕೆ ಹಾಕಿದರೂ ಅಷ್ಟೇ.

"ಕೊನೆ ಭಾಗದೋರು" ಎಂದ ಇಂಜಿನಿಯರು. ಭತ್ತ ಹೊಡೆ ತುಂಬುವ ಹೊತ್ತು. ಆಗ ನೀರು ತಪ್ಪಿದರೆ ಜೊಳ್ಳಷ್ಟೇ ಕೈಗೆ. ಮೇಲಿನ ಊರುಗಳ ದೊಡ್ಡ ತೋಟದವರು ನಾಲೆಗೇ ಪಂಪು ಇಟ್ಟು ಎತ್ತುತ್ತಿದ್ದರು. ಅದನ್ನು ತೆಗೆಸಿ ಎಂದು ಇವರು ಹಲವು ಸಲ ಮನವಿ ಕೊಟ್ಟಿದ್ದರಂತೆ. ಅವನು ಪ್ರತಿ ಸಲವೂ ಮೇಲಿನ ಕಚೇರಿಗೆ ಕಳಿಸಿದ್ದನಂತೆ. ಮೇಲಿನವರು, ನೀವೇ ಪರಿಶೀಲಿಸಿ ಎಂದು ಅವನಿಗೇ ವಾಪಸು ಕಳಿಸಿದ್ದರಂತೆ.

ಇದನ್ನು ಕೇಳಿ ಮೇಷ್ಟ್ರು ಅವನನ್ನು ಒಂದು ಕ್ಷಣ ದಿಟ್ಟಿಸಿ ನೋಡಿದರು.

ಫೋನಿನ ತಂತಿ ಕಿತ್ತಿದ್ದರು. ಆ ತಗ್ಗಿನಲ್ಲಿ ಇಂಜಿನಿಯರ ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಹೊರಗಿನ ಕೂಗು ಏರುತ್ತ ಹೋಯಿತು. ಕಿಟಕಿಯ ಕಂಬಿಗಳ ನಡುವೆ ಒಂದು ಗೋಣಿಚೀಲ ಮುದುಡಿ ಮುದುಡಿ ಒಳಗೆ ಬಂದು ಅರ್ಧಕ್ಕೆ ಸಿಕ್ಕಿಕೊಂಡಿತು. ಅದರಿಂದ ಡೀಸೆಲ್ಲು ತೊಟ್ಟಿಕ್ಕಿ ಗೋಡೆಯ ಮೇಲೆ ಗೆರೆಗೆರೆಯಾಗಿ ಇಳಿಯುತ್ತಿತ್ತು... ನಾನು ಕಿರುಚಿದೆ ಎಂದು ಆಮೇಲೆ ಮೇಷ್ಟ್ರು ಹೇಳಿದರು. ನನಗೆ ನೆನಪಿಲ್ಲ. ನೆನಪಿರುವುದು ಗೋಡೆಯ ಮೇಲಿನ ಆ ಗೆರೆಗಳು ಮಾತ್ರ.

"ಲೇ, ಒಳಗೆ ಹೆಣ್ಣುಮಗಳು ಅದಾಳೆ ಕಣ್ರೋ!" ಹೊರಗಿನಿಂದ ಒಬ್ಬ ಹೆಂಗಸಿನ ದನಿ.

"ಇರ್ಲಿ ಬಿಡಕ್ಕಾ, ಅವನ ಕಡೇರೇ ಇರ್ತಾರೆ."

ಮೇಷ್ಟ್ರು ಕಿಟಕಿಯ ಹತ್ತಿರ ಹೋದರು. ಹೋದರು ಎನ್ನುವುದಕ್ಕಿಂತ ಗೋಡೆ ಹಿಡಿದುಕೊಂಡು ಸರಿದರು ಎನ್ನಬೇಕು. "ನಾನು ಹೊನ್ನಾಳಿ ಕಾಲೇಜಿನ ಮೇಷ್ಟ್ರು ಕಣ್ರಪ್ಪಾ. ಹುಡುಗರನ್ನ ಕೆರೆ ನೋಡಾಕೆ ಕರ್ಕೊಂಡು ಬಂದೀನಿ" ಎಂದರು. ಭಯಕ್ಕೆ ಅವರ ತರಗತಿಯ ಕನ್ನಡ ಹಾರಿಹೋಗಿ ಜಗಳೂರಿನದು ಬಂದಿತ್ತು.

ಹೊರಗೆ ಸ್ವಲ್ಪ ಸದ್ದು ತಗ್ಗಿತು. ಆಮೇಲೆ ಯಾರೋ ಗಹಗಹಿಸಿ ನಕ್ಕರು. "ಓಹೋಹೋ, ಬೇವಿನ ಮೇಷ್ಟ್ರು! ಚೇರ್ಮನ್ರೇ, ಬರ್ರಿ ಇಲ್ಲಿ, ನಿಮ್ಮ ಬೇವಿನ ಮೇಷ್ಟ್ರು ಒಳಗವ್ರೆ!"

ಕಿಟಕಿಯಾಚೆ ಆ ದಪ್ಪ ಮೀಸೆ ಕಾಣಿಸಿತು. ಮಾಜಿ ಚೇರ್ಮನ್ನರ ಮುಖ ಬೆವರಿ ಕೆಂಪಾಗಿತ್ತು. "ಏನ್ರಿ ಸಾರ್, ನೀವು ಇಲ್ಲಿ? ಬಾಗಿಲು ನೋಡ್ಲಿಲ್ವಾ? ನೀವು ಹೇಳ್ಕೊಟ್ಟಂಗೇ ಬೇವು ಕಟ್ಟೀವಿ. ದೊಡ್ಡ ಕೊಂಬೆನೇ ಕಡ್ಕೊಂಡು ಬಂದೀವಿ."

ಮೇಷ್ಟ್ರ ಮುಖದಲ್ಲಿ ರಕ್ತ ಇಂಗಿಹೋದದ್ದನ್ನು ನಾನು ನೋಡಿದೆ. ನನಗೂ ಆಗಲೇ ಹೊಳೆದದ್ದು. ಶಾಲೆಯ ಅಂಗಳದಲ್ಲಿ ನಗುನಗುತ್ತ ಹೇಳಿದ ಕಥೆ ನಮ್ಮನ್ನೇ ಒಳಗಿಟ್ಟು ಸರಪಳಿ ಎಳೆದಿತ್ತು.

"ನೀವೂ ಆ ಹುಡುಗೀನೂ ಹೊರಗೆ ಬರ್ರಿ. ಬಾಗಿಲು ತೆಗೀತೀವಿ. ಅವನು ಮಾತ್ರ ಅಲ್ಲೇ ಇರ್ಲಿ" ಎಂದರು ಚೇರ್ಮನ್ನರು.

"ಅವನನ್ನ ಏನು ಮಾಡ್ತೀರಿ?"

ಚೇರ್ಮನ್ನರು ಮುಖ ತಿರುಗಿಸಿದರು. ಅವರ ಹಿಂದೆ ನಿಂತಿದ್ದ ಯುವಕನ ಕೈಯಲ್ಲಿ ಬೆಂಕಿಪೊಟ್ಟಣವಿತ್ತು. ಅವನು ಅದನ್ನು ಅಲ್ಲಾಡಿಸುತ್ತಿದ್ದ, ಕಡ್ಡಿ ಎಷ್ಟಿವೆ ಎಂದು ನೋಡುವವರ ಹಾಗೆ. ಅಲ್ಲಿದ್ದ ಅಷ್ಟೂ ಕೂಗಿಗಿಂತ ಆ ಸಣ್ಣ ಗಲಗಲ ಸದ್ದೇ ನನ್ನ ಕಿವಿಯಲ್ಲಿ ಉಳಿದಿದೆ.

ಇಂಜಿನಿಯರು ಮೇಷ್ಟ್ರ ತೋಳಿನ ಬಟ್ಟೆ ಹಿಡಿದುಕೊಂಡಿದ್ದ. ಮೇಷ್ಟ್ರು ನನ್ನ ಕಡೆ ತಿರುಗಿ, "ನೀನು ಹೋಗಮ್ಮ" ಎಂದರು. ನನಗೆ ಹೋಗಬೇಕಿತ್ತು. ಆ ಕ್ಷಣದಲ್ಲಿ ಅದಕ್ಕಿಂತ ಹೆಚ್ಚಾಗಿ ನನಗೆ ಬೇರೇನೂ ಬೇಕಿರಲಿಲ್ಲ. ಆದರೆ ಕಾಲು ಬರಲಿಲ್ಲ. ಧೈರ್ಯದಿಂದ ಉಳಿದೆ ಎಂದು ಯಾರಾದರೂ ಹೇಳಿದರೆ ಅದು ಸುಳ್ಳು.

ಮೇಷ್ಟ್ರು ಆಗ ಗೋಡೆಗೆ ಬೆನ್ನು ಕೊಟ್ಟು ಕುಸಿದು ಕೂತರು. ಕಣ್ಣು ಮುಚ್ಚಿದರು. ಇನ್ನು ಇವರಿಂದ ಆಗದು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ, ಕೂತಲ್ಲಿಂದಲೇ, ತರಗತಿಯಲ್ಲಿ ಹಿಂದಿನ ಬೆಂಚಿಗೆ ಕೇಳಿಸುವಂತೆ ಎತ್ತುತ್ತಿದ್ದ ದನಿಯಲ್ಲಿ ಕೂಗಿ ಹೇಳಿದರು:

"ಚೇರ್ಮನ್ರೇ, ಆವತ್ತು ಕರೆಂಟು ಹೋಗಿ ಕಥೆ ಅರ್ಧಕ್ಕೆ ನಿಂತಿತ್ತು. ಪೂರ್ತಿ ಕೇಳದೆ ಬೇವು ಕಟ್ಟಿದ್ರಲ್ರೀ!"

"ಏನೈತ್ರೀ ಪೂರ್ತಿ?"

"ಬೇವು ಕಟ್ಟಿದ ಮೇಲೆ ಅದಕ್ಕೊಂದು ಕಟ್ಟುಪಾಡು ಐತೆ. ಒಳಗಿರೋನು ಕೈ ಚಾಚಿ ಆ ಸೊಪ್ಪು ಇಸ್ಕೊಂಡ್ರೆ ಅವನು ಕೂಟಕ್ಕೆ ಬಂದಂಗೆ. ಕೂಟಕ್ಕೆ ಬಂದೋನ ಮೈ ಮುಟ್ಟಂಗಿಲ್ಲ. ಮುಟ್ಟಿದ್ರೆ ಕೂಟನೇ ಮುರಿದಂಗೆ. ಇನ್ನೂರು ವರ್ಷದಿಂದ ಯಾರೂ ಮುರಿದಿಲ್ಲ. ನೀವು ಮುರೀತೀರಾ?"

ಹೊರಗೆ ಗುಸುಗುಸು. "ಸುಳ್ಳು ಹೇಳ್ತಾನೆ ಮುದುಕ" ಎಂದಿತು ಒಂದು ದನಿ. "ಸುಮ್ನಿರಲೇ, ಮೇಷ್ಟ್ರು ಅವರು" ಎಂದಿತು ಇನ್ನೊಂದು. "ಬರೀ ಸೊಪ್ಪು ಇಸ್ಕೊಂಡ್ರೆ ಗದ್ದೆಗೆ ನೀರು ಬರ್ತೈತೇನ್ರೀ?" ಎಂದಳು ಮೊದಲು ಮಾತಾಡಿದ್ದ ಆ ಹೆಂಗಸು.

"ಬರಾಕಿಲ್ಲ ತಾಯಿ. ಬೆಂಕಿ ಹಚ್ಚಿದ್ರೆ ಬರ್ತೈತಾ?"

ಆಮೇಲೆ ಚೇರ್ಮನ್ನರು, "ಚಾಚಾಕೆ ಹೇಳ್ರಿ ಕೈ" ಎಂದರು.

ಇಂಜಿನಿಯರು ಅಲ್ಲಾಡಲಿಲ್ಲ. ಮೇಷ್ಟ್ರು ಎದ್ದು, ಅವನ ಮೊಣಕೈ ಹಿಡಿದು, ಮಗುವನ್ನು ನಡೆಸುವ ಹಾಗೆ ಕಿಟಕಿಯವರೆಗೆ ನಡೆಸಿದರು. ಡೀಸೆಲ್ಲು ಸೋರುತ್ತಿದ್ದ ಗೋಣಿಯ ಪಕ್ಕದ ಸಂದಿಯಿಂದ ಅವನು ಕೈ ಹೊರಗೆ ಚಾಚಿದ. ಬೆರಳು ಬಿಡಿಸಿದ ಅಂಗೈ, ಬಿಸಿಲಿನಲ್ಲಿ, ಅಷ್ಟು ಜನರ ಮುಂದೆ... ಯಾರೋ ಅದರ ಮಣಿಕಟ್ಟನ್ನು ಗಬಕ್ಕನೆ ಹಿಡಿದೆಳೆದರು. ಅವನ ಮುಖ ಕಂಬಿಗೆ ಅಪ್ಪಳಿಸಿತು. ಮೇಷ್ಟ್ರು ಅವನ ಸೊಂಟ ಹಿಡಿದುಕೊಂಡರು. ನಾನು ಮೇಷ್ಟ್ರ ಶರ್ಟು ಹಿಡಿದುಕೊಂಡೆ. ಹೊರಗಿನಿಂದ ಎಳೆತ, ಒಳಗಿನಿಂದ ಹಿಡಿತ. ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ ತಿಳಿಯದು. ಕನಸಿನಲ್ಲಿ ನಾನು ಈಗಲೂ ವಾಪಸು ಹೋಗುವುದು ಅಲ್ಲಿಗೇ. ಕನಸಿನಲ್ಲಿ ಒಮ್ಮೊಮ್ಮೆ ಆ ಕೈ ವಾಪಸು ಬರುವುದಿಲ್ಲ.

ಆವತ್ತು ಬಂತು. "ಬಿಡಲೇ ಕೈ! ಬಿಡು ಅಂದೆ!" ಎಂದು ಚೇರ್ಮನ್ನರು ಗದರಿದರು. ಒಂದು ಏಟಿನ ಸದ್ದು ಕೇಳಿಸಿತು. ಹಿಡಿದವನ ಬೆನ್ನಿಗೆ ಬಿದ್ದಿರಬೇಕು. ಕೈ ಒಳಗೆ ಬಂದಾಗ ಅದರಲ್ಲಿ ಒಂದು ಹಿಡಿ ಬೇವಿನ ಸೊಪ್ಪಿತ್ತು. ಮಣಿಕಟ್ಟು ಗೀರಿ ರಕ್ತ ಬರುತ್ತಿತ್ತು. ಇಂಜಿನಿಯರು ಸೊಪ್ಪನ್ನು ಎದೆಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಸರಪಳಿ ಬಿಚ್ಚುವ ಸದ್ದು ಕೇಳಿಸಿತು.

ಹೊರಗೆ ಬಂದ ಮೇಲೆ ನಡೆದದ್ದನ್ನು ಯಾರೂ ನಂಬುವುದಿಲ್ಲ. ಆ ಜನ ನಾಲೆಯ ಏರಿಯ ಮೇಲೆ ನಿಜವಾಗಿಯೂ ಕೂಟ ಕೂತರು. ಇಂಜಿನಿಯರು ನಡುವೆ ನೆಲದ ಮೇಲೆ ಕೂತ. ಆ ಹೆಂಗಸು ತನ್ನ ಸೆರಗಿನ ತುದಿ ಹರಿದು ಅವನ ಮಣಿಕಟ್ಟಿಗೆ ಕಟ್ಟುತ್ತಲೇ ಬೈಯುತ್ತಿದ್ದಳು: "ನಿಮ್ಮವ್ವ ಅಲ್ಲೆಲ್ಲೋ ಕಾಯ್ತಿರ್ತಾಳೆ. ಬಾಯಿ ಬಿಟ್ಟು ಮೊದ್ಲೇ ಹೇಳಾಕೇನಾಗಿತ್ತು, ನನ್ನ ಕೈಲಿ ಆಗಲ್ಲ ಅಂತ?" ಅವನು ಆಗ ಹೇಳಿದ. ಪಂಪು ತೆಗೆಸುವ ಅಧಿಕಾರ ತನಗಿಲ್ಲ, ಕಳಿಸಿದ್ದೆಲ್ಲ ತಿರುಗಿ ತನ್ನ ಮೇಜಿಗೇ ಬರುತ್ತದೆ, ಹಾಗೆ ಹೇಳಿದರೆ ತನಗೆ ಮರ್ಯಾದೆ ಇರುವುದಿಲ್ಲ ಎಂದು ಇಷ್ಟು ದಿನ ಮುಚ್ಚಿಟ್ಟಿದ್ದನಂತೆ. "ಹಂಗಾದ್ರೆ ಯಾರ ಕೈಲೈತೆ ಹೇಳಪ್ಪ" ಎಂದರು ಚೇರ್ಮನ್ನರು. ಅವನು ಹೇಳಿದ. ಎಲ್ಲರೂ ಟ್ರ್ಯಾಕ್ಟರು ಹತ್ತಿದರು, ಅವನೂ ಅವರ ಮಧ್ಯೆ ನಿಂತು ಮೇಲಿನ ಕಚೇರಿಗೆ ಹೊರಟ. ಕೆಲವು ದಿನಗಳಲ್ಲಿ ಕೊನೆ ಭಾಗಕ್ಕೆ ನೀರು ಬಂತು ಎಂದು ಕೇಳಿದೆವು. ಬೇಕಾದಷ್ಟಲ್ಲ, ಆದರೂ ಕಾಳು ಕಟ್ಟುವಷ್ಟು. ಅವನು ಪೊಲೀಸರಿಗೆ ದೂರು ಕೊಡಲಿಲ್ಲ.

ನಾವಿಬ್ಬರು ಕೆರೆಯ ಏರಿಗೆ ವಾಪಸು ಬಂದಾಗ ನಮ್ಮ ಹುಡುಗರು ಹುರಿದ ಮೀನು ತಿನ್ನುತ್ತ ಕೂತಿದ್ದರು. "ಎಲ್ಲೋಗಿದ್ರಿ ಸಾರ್ ಇಷ್ಟೊತ್ತು? ಪರ್ಮಿಷನ್ ಸಿಕ್ತಾ?" ಎಂದು ಒಬ್ಬ ಕೇಳಿದ.

"ಸಿಗಲಿಲ್ಲ ಕಣಪ್ಪ" ಎಂದರು ಮೇಷ್ಟ್ರು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಚನ್ನಗಿರಿ ದಾಟುವವರೆಗೂ ತಮ್ಮ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ನೋಡುತ್ತಿದ್ದರು. ಚನ್ನಗಿರಿಯಲ್ಲಿ ಬಸ್ಸು ನಿಂತಾಗ ಇಳಿದು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದು ನನ್ನ ಕೈಗಿಟ್ಟರು. "ತಿನ್ನು. ಖಾರ ಹತ್ತಿದ್ರೆ ನಡುಕ ನಿಲ್ಲುತ್ತೆ" ಎಂದರು. ತಿಂದೆ. ನಿಲ್ಲಲಿಲ್ಲ. ಆದರೆ ಅಷ್ಟು ರುಚಿಯಾದದ್ದನ್ನು ನಾನು ಜೀವಮಾನದಲ್ಲಿ ತಿಂದಿಲ್ಲ. ಬಾಯಿ ಉರಿಯುತ್ತಿತ್ತು, ಕಣ್ಣಲ್ಲಿ ನೀರು, ಬದುಕಿದ್ದೇನೆ ಎನ್ನುವುದು ನಾಲಿಗೆಗೆ ಗೊತ್ತಾಗುತ್ತಿತ್ತು.

ಆಮೇಲೆ ನಾನು ಗ್ರಂಥಾಲಯದಲ್ಲಿ ದಂಗೆಯ ಬಗ್ಗೆ ಇದ್ದದ್ದನ್ನೆಲ್ಲ ತೆಗೆದು ಓದಿದೆ. ಬೇವಿನ ಮಾತಿತ್ತು. ಕೈ ಚಾಚಿ ಸೊಪ್ಪು ಇಸಿದುಕೊಳ್ಳುವ ಕಟ್ಟು ಎಲ್ಲೂ ಇರಲಿಲ್ಲ. ಸ್ಟಾಫ್ ರೂಮಿಗೆ ಹೋಗಿ ಕೇಳಿದೆ. ಬೇರೆ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು ಮೇಷ್ಟ್ರು, "ಇಲ್ಲ. ಅದು ನಾನು ಕಟ್ಟಿದ್ದು" ಎಂದರು. ಮಗುವಿಗೆ ಏಟು ಕೊಟ್ಟವರ ಮುಖ ಇರುತ್ತದಲ್ಲ, ಹಾಗಿತ್ತು ಅವರ ಮುಖ. "ದಂಗೆ ಹೇಗೆ ಮುಗೀತು ಅಂತ ನಿನಗೆ ಗೊತ್ತಲ್ಲ. ಸೈನ್ಯ ಬಂತು, ಗುಂಡು ಹಾರಿತು, ನೇಣು ಬಿತ್ತು. ಕೊನೆಗೆ ರಾಜ್ಯಾನೇ ಕಂಪನಿಯವರ ಕೈಗೆ ಹೋಯ್ತು. ರೈತರು ಕೇಳಿದ್ದು ಅದನ್ನಲ್ಲ. ಅದನ್ನ ಹೇಗೆ ಹೇಳೋದು ಆ ಬೆಂಕಿಪೊಟ್ಟಣದ ಮುಂದೆ?"

ಅಷ್ಟಕ್ಕೇ ಬಿಟ್ಟಿದ್ದರೆ ಅವರು ನಮ್ಮ ಮೇಷ್ಟ್ರಾಗುತ್ತಿರಲಿಲ್ಲ. ಒಂದು ಊರಿನವರ ತಲೆಯಲ್ಲಿ ತಾನು ಸುಳ್ಳು ಇತಿಹಾಸ ಬಿಟ್ಟು ಬಂದೆ ಎಂದು ಅವರಿಗೆ ನಿದ್ದೆ ಬರುತ್ತಿರಲಿಲ್ಲವಂತೆ. ಒಂದು ಭಾನುವಾರ ಆ ಹಳ್ಳಿಗೆ ಹೊರಟರು. ಒಬ್ಬರೇ ಹೋಗಲು ಭಯ, ಅದಕ್ಕೆ ನಾನೂ ಜೊತೆಗೆ. ಬೇಡವೆನ್ನಲು ಮನಸ್ಸಾಗಲಿಲ್ಲ.

ಮಾಜಿ ಚೇರ್ಮನ್ನರು ಪಡಸಾಲೆಯಲ್ಲಿ ಚಾಪೆ ಹಾಸಿ ಮಜ್ಜಿಗೆ ಕೊಟ್ಟರು. ಮೇಷ್ಟ್ರು ಲೋಟ ಮುಟ್ಟದೆ, ತಲೆ ತಗ್ಗಿಸಿ, ಆವತ್ತು ಹೇಳಿದ ಕಟ್ಟು ಸುಳ್ಳು, ಅಂಥದ್ದು ಎಲ್ಲೂ ಇಲ್ಲ, ತನ್ನನ್ನು ಕ್ಷಮಿಸಬೇಕು ಎಂದರು.

ಚೇರ್ಮನ್ನರು ಅವರನ್ನೇ ನೋಡಿದರು. ಮೀಸೆಯ ಕೆಳಗೆ ನಗು ಬಂತು.

"ನಂಗೆ ಆವತ್ತೇ ಗೊತ್ತಿತ್ತಲ್ರೀ ಸಾರ್."

ಮೇಷ್ಟ್ರು ತಲೆ ಎತ್ತಿದರು.

"ಇನ್ನೂರು ವರ್ಷದಿಂದ ಯಾರೂ ಮುರಿದಿಲ್ಲ ಅಂದ್ರಲ್ಲ, ಆವಾಗ್ಲೇ ಗೊತ್ತಾತು. ನಮ್ಮ ಜನ ಇನ್ನೂರು ವರ್ಷ ಒಂದು ಮಾತು ಮುರೀದೆ ಇರ್ತಾರೇನ್ರೀ? ನಿಮ್ಮ ಸುಳ್ಳಿಗೆ ಮಾರ್ಕ್ಸ್ ಕೊಡಂಗಿಲ್ಲ ಬಿಡ್ರಿ!" ಎಂದು ನಕ್ಕರು. ಆಮೇಲೆ ನಗು ನಿಂತಿತು. "ನಾವು ಹೋಗಿದ್ದು ಹೆದ್ರಿಸಾಕೆ. ಡೀಸೆಲ್ ತಂದಿದ್ದು ಯಾರು ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ. ಆ ಹುಡ್ರು ನನ್ನ ಕೈ ಮೀರಿದ್ರು. ಮುಂದೆ ಹೋದ್ರೆ ಕೊಲೆ. ಹಿಂದೆ ಬರಾನ ಅಂದ್ರೆ, ಹೆದ್ರಿದ್ಯಾ ಚೇರ್ಮನ್ನ ಅಂತಾರೆ. ಹೆಂಗೆ ಹಿಂದಕ್ಕೆ ಬರಾದು ಅಂತ ಒಳಗೊಳಗೇ ಒದ್ದಾಡ್ತಿದ್ದೆ. ಆವಾಗ ನೀವು ಆ ಮಾತು ಎಸೆದ್ರಿ. ಗಬಕ್ಕಂತ ಹಿಡ್ಕೊಂಡೆ. ನಾನು ಹೇಳಿದ್ರೆ ಪುಕ್ಕಲುತನ. ನೀವು ಹೇಳಿದ್ರೆ ಇತಿಹಾಸ."

ಮೇಷ್ಟ್ರು ಮಜ್ಜಿಗೆ ಎತ್ತಿ ಒಂದೇ ಗುಟುಕಿಗೆ ಕುಡಿದರು. ಇನ್ನೊಂದು ಲೋಟ ಕೇಳಿ ಇಸಿದುಕೊಂಡರು. ವಾಪಸು ಬರುವಾಗ ಬಸ್ಸಿನಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಮಾಡಿದರು. ಹೊನ್ನಾಳಿಯಲ್ಲಿ ನಾನೇ ಎಬ್ಬಿಸಬೇಕಾಯಿತು.

ಇದೆಲ್ಲ ಆಗಿ ಎಷ್ಟೋ ವರ್ಷವಾಯಿತು. ನಾನು ಈಗ ನ್ಯಾಮತಿಯಲ್ಲಿ ಅದೇ ಪಾಠ ಮಾಡುತ್ತೇನೆ. ಅವರು ನಿವೃತ್ತರಾಗಿ ಜಗಳೂರಿಗೆ ಹೋದ ಮೇಲೆ ವರ್ಷಕ್ಕೊಮ್ಮೆ ಫೋನು, ಆಮೇಲೆ ಅದೂ ಇಲ್ಲ. ಯಾಕೆ ಬಿಟ್ಟೆನೋ... ಸವಳಂಗದಲ್ಲಿ ಬಸ್ಸು ಕೆಟ್ಟ ಆ ಸಂಜೆ ಮನೆಗೆ ಬಂದದ್ದೇ ಅವರ ನಂಬರಿಗೆ ಫೋನು ಮಾಡಿದೆ. ಎತ್ತಿದ್ದು ಅವರ ಹೆಂಡತಿ. ಮೇಷ್ಟ್ರು ಹೋಗಿ ಆಗಲೇ ಕೆಲವು ತಿಂಗಳಾಗಿತ್ತು. ಮಲಗಿದ್ದವರು ಏಳಲಿಲ್ಲವಂತೆ.

ಮುಂದಿನ ಭಾನುವಾರ ಜಗಳೂರಿಗೆ ಹೋದೆ. ಸಣ್ಣ ಮನೆ, ಅಚ್ಚುಕಟ್ಟು. ಅವರ ಹೆಂಡತಿ ನನ್ನನ್ನು ಗುರುತು ಹಿಡಿಯಲಿಲ್ಲ. ಹಳೆಯ ವಿದ್ಯಾರ್ಥಿನಿ, ಇಂಜಿನಿಯರನ್ನು ಕೂಡಿಹಾಕಿದ ದಿನ ಅವರ ಜೊತೆಗಿದ್ದವಳು ಎಂದೆ. ಆಕೆ, "ಯಾವ ದಿನ?" ಎಂದರು.

ಅವರಿಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷದಲ್ಲಿ ಮೇಷ್ಟ್ರು ಮನೆಯಲ್ಲಿ ಒಂದು ಮಾತೂ ಹೇಳಿರಲಿಲ್ಲ.

ಹೇಳಬೇಕೋ ಬೇಡವೋ ಎಂದು ಯೋಚಿಸಿದೆ. ಆಮೇಲೆ ಹೇಳಿದೆ. ಚಿಲಕದ ಸದ್ದು, ಗೋಡೆಯ ಮೇಲಿನ ಗೆರೆ, ಬೆಂಕಿಪೊಟ್ಟಣ, ಕಂಬಿಯಾಚೆ ಹೋದ ಕೈ. ಹೇಳುವಾಗ ನನ್ನ ದನಿ ನಡುಗುತ್ತಿತ್ತು, ಯಾವಾಗಲೂ ನಡುಗುವ ಹಾಗೆ. ಆಕೆ ಒಂದೇ ಒಂದು ಪ್ರಶ್ನೆ ಕೇಳಿದರು: "ಆ ಹುಡುಗ ಬದುಕಿದನಾ?" ಬದುಕಿದ ಎಂದೆ. ಈಗ ದೊಡ್ಡ ಹುದ್ದೆಯಲ್ಲಿ ಎಲ್ಲೋ ಇದ್ದಾನಂತೆ. ಆವತ್ತು ಯಾರೂ ಸಾಯಲಿಲ್ಲ ಅಮ್ಮ, ಒಬ್ಬರೂ ಸಾಯಲಿಲ್ಲ ಎಂದೆ. ಈ ಮಾತನ್ನು ಎಷ್ಟು ಸಲ ಹೇಳಿದರೂ ನನಗೆ ಹೊಸದಾಗಿ ಹಗುರವಾಗುತ್ತದೆ.

ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು. ಎದ್ದು ಹೋಗಿ ಫ್ಯಾನು ಹಾಕಿದರು. ವಾಪಸು ಬಂದು, ಈ ಸಲ ಎದುರಿಗಲ್ಲ, ನನ್ನ ಪಕ್ಕದಲ್ಲಿ ಕೂತರು.

"ಇನ್ನೊಂದ್ಸಲ ಹೇಳವ್ವಾ" ಎಂದರು. "ಅವರು ಕೈ ಹಿಡ್ಕೊಂಡು ಆ ಹುಡುಗನ್ನ ಕಿಟಕಿತಾವ ಕರ್ಕೊಂಡು ಹೋದ್ರಲ್ಲ, ಅಲ್ಲಿಂದ ಹೇಳು."

ಅಲ್ಲಿಂದ ಹೇಳಿದೆ. ನಿಧಾನವಾಗಿ ಹೇಳಿದೆ. ಆ ಕೈ ಒಳಗೆ ಬರುವ ಹೊತ್ತಿಗೆ ನನ್ನ ದನಿ ನಡುಗುವುದು ನಿಂತಿತ್ತು.